ಗೇರು ಹಚ್ಚಿದ ಗ್ಲೌಸು

“ಬಾಗಿಲು ತೆಗಿಯೋ ಬೋರಣ್ಣ! ತೆಗೀತೀಯೋ, ಇಲ್ಲ ಮುರ್ಕೊಂಡು ಒಳಗೆ ಬರ್ಬೇಕೋ?”

ಚನ್ನಗಿರಿ ಮೈದಾನದ ಪಕ್ಕದ ಶಾಲೆಯ ಕೊಠಡಿಯ ಮುಂದೆ, ಜಗಳೂರಿನಿಂದ ಲಾರಿ ಹತ್ತಿ ಬಂದಿದ್ದ ಜನ ಕಲ್ಲೇಟು ತಿಂದ ಜೇನುಗೂಡಿನಂತೆ ಎದ್ದಿದ್ದರು. ಒಬ್ಬನ ಕೈಯಲ್ಲಿ ಕಾರ್ನರ್ ಬಾವುಟದ ಕೋಲು, ಇನ್ನೊಬ್ಬನ ಕೈಯಲ್ಲಿ ಅವನದೇ ಚಪ್ಪಲಿ. ಒಳಗೆ ಜಗಳೂರು ತಂಡದ ಎರಡನೇ ಗೋಲ್‌ಕೀಪರ್ ಬೋರಣ್ಣ ಬಾಗಿಲಿಗೆ ಬೆಂಚು ಅಡ್ಡ ಕೊಟ್ಟು, “ನಾನಲ್ಲ ಕಣ್ರಪ್ಪೋ, ಮನೆದೇವ್ರಾಣೆ ನಾನಲ್ಲ!” ಎಂದು ಗಂಟಲು ಹರಿದುಕೊಳ್ಳುತ್ತಿದ್ದ.

ಬೆಳಿಗ್ಗೆ ಎದ್ದಾಗ ಗೋಲ್‌ಕೀಪರ್ ಓಬಣ್ಣನ ಎರಡೂ ಕೈ ಬೊಬ್ಬೆ ಎದ್ದು ಊದಿದ್ದವು. ಮಧ್ಯಾಹ್ನವಾಗುವುದರೊಳಗೆ, ಗ್ಲೌಸಿಗೆ ಏನೋ ಹಚ್ಚಿದ ಪಾಪ ಬೋರಣ್ಣನ ಹೆಗಲೇರಿತ್ತು. ಓಬಣ್ಣ ಆಡದಿದ್ದರೆ ಗೋಲಿನಲ್ಲಿ ನಿಲ್ಲುವವನು ಬೋರಣ್ಣನೇ ತಾನೇ? ಜನಕ್ಕೆ ಅಷ್ಟು ಸಾಕಾಗಿತ್ತು.

ಪತ್ತೇದಾರ ಮರುಳಪ್ಪ ತನ್ನ ಯೆಜ್ಡಿ ಬೈಕನ್ನು ಬೇವಿನ ಮರದಡಿ ನಿಲ್ಲಿಸಿ, ಗುಂಪನ್ನು ಮೊಣಕೈಯಲ್ಲಿ ಸರಿಸುತ್ತ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಮೇಲಿನವರ ಜೊತೆ ಜಗಳವಾಡಿ ಸಿ.ಐ.ಡಿ. ಕೆಲಸ ಬಿಟ್ಟು ನ್ಯಾಮತಿಗೆ ಬಂದು ಕೂತ ಮನುಷ್ಯ ಅವನು. ಕೆಲಸ ಬಿಟ್ಟಿದ್ದ, ಗದರುವುದನ್ನು ಬಿಟ್ಟಿರಲಿಲ್ಲ.

“ಬೋರಣ್ಣ ಹಚ್ಚಿದ್ದನ್ನ ಕಣ್ಣಾರೆ ಕಂಡೋರು ಯಾರು? ಮುಂದೆ ಬರ್ರಿ.”

ಯಾರೂ ಬರಲಿಲ್ಲ. ಕೊನೆಗೆ ಚಪ್ಪಲಿಯವನು ಬಾಯಿ ಬಿಟ್ಟ. “ಬೆಳಿಗ್ಗೆ ಗ್ಲೌಸು ಬಿಸಿಲಿಗೆ ಹಾಕಿದ್ದು ಇವನೇ ಸಾರ್. ನಾನೇ ನೋಡೀನಿ.”

“ಓಬಣ್ಣ ಆ ಗ್ಲೌಸು ತೊಟ್ಟಿದ್ದು ಯಾವಾಗ?”

“ನಿನ್ನೆ ಸಂಜೆ, ಪ್ರಾಕ್ಟೀಸಿಗೆ.”

“ಬೋರಣ್ಣ ಚನ್ನಗಿರಿಗೆ ಬಂದಿದ್ದು?”

“ಇವತ್ತು ಮೊದಲ್ನೇ ಬಸ್ಸಿಗೆ...” ಎಂದವನು ಅಲ್ಲೇ ತಡವರಿಸಿದ.

“ಇವತ್ತು ಬಂದೋನು ನಿನ್ನೆ ಹೆಂಗೆ ಹಚ್ಚಿದ? ಬಸ್ಸಿನ ಕಿಟಕಿಯಿಂದ ಕೈ ಚಾಚಿದ್ನಾ?”

ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ತನ್ನನ್ನು ಕರೆಸಿದ್ದ ಓಬಣ್ಣ ಆಗಲೇ ಒಪ್ಪಿಸಿದ್ದ ಗ್ಲೌಸನ್ನು ಮರುಳಪ್ಪ ಜೇಬಿನಿಂದ ತೆಗೆದು, ಕಡ್ಡಿಯಿಂದ ಅದರ ಒಳಮೈ ಬಿಡಿಸಿ ತೋರಿಸಿದ. ಬಿಳಿ ಅಸ್ತರಿನ ಮೇಲೆ ಅಲ್ಲಲ್ಲಿ ಮಾಸದ ಕಪ್ಪು ಕಲೆ. ಅದೇ ಬಣ್ಣದ ಗುರುತು ಮರುಳಪ್ಪನ ಸ್ವಂತ ಅಂಗಿಯ ಕಾಲರಿನಲ್ಲೂ ಇತ್ತು; ಯಾರ ಬಟ್ಟೆ ಯಾವುದೆಂದು ತಿಳಿಯಲು ಅಗಸರು ಹಾಕುವ ಗುರುತು.

“ಇದು ಕರಿಗೇರಿನ ಸೊನೆ. ಮುಟ್ಟಿದ ತಕ್ಷಣ ಏನೂ ಆಗಲ್ಲ. ಒಂದು ರಾತ್ರಿ ಒಳಗೊಳಗೇ ಕೂತಿದ್ದು ಆಮೇಲೆ ಬೊಬ್ಬೆ ಏಳ್ತೈತೆ. ಅಂದ್ರೆ ನಿನ್ನೆ ಸಂಜೆಗೆ ಮುಂಚೆಯೇ ಹಚ್ಚಿ ಇಟ್ಟಿದ್ರು. ಹುಡುಗನ್ನ ಬಿಡ್ರಿ. ಬಾರಿಸಾಕೆ ಕೈ ಕಡೀತಿದ್ರೆ ಹೋಗಿ ತಮಟೆ ಬಾರಿಸ್ರಿ.”

ಜನ ಗೊಣಗುತ್ತ ಚದುರಿದರು. ಒಳಗೆ ಬೆಂಚು ಸರಿದ ಸದ್ದಾಯಿತು, ಬಾಗಿಲು ಮಾತ್ರ ತೆರೆಯಲಿಲ್ಲ. ಬೋರಣ್ಣ ಧೈರ್ಯವಂತನೇನೋ ಹೌದು, ಆದರೆ ಮೂರ್ಖನಲ್ಲ.

ಓಬಣ್ಣ ಶಾಲೆಯ ಜಗುಲಿಯಲ್ಲಿ ಕೂತಿದ್ದ. ಅವನ ಅಕ್ಕ ಕೆಂಪಕ್ಕ ಕೊಬ್ಬರಿ ಎಣ್ಣೆಯಲ್ಲಿ ಅದ್ದಿದ ಹಳೆಯ ಸೀರೆಯ ತುಂಡನ್ನು ಅವನ ಕೈಗೆ ಸುತ್ತುತ್ತಿದ್ದಳು. ಅವ್ವ ತೀರಿಕೊಂಡ ಮೇಲೆ ತಮ್ಮನನ್ನು ಎತ್ತಿ ಆಡಿಸಿದವಳು ಅವಳು. ಪ್ರತಿ ಸುತ್ತಿಗೂ ಹಚ್ಚಿದವನ ವಂಶಕ್ಕೆ ಒಂದೊಂದು ಶಾಪ ಹಾಕುತ್ತಿದ್ದಳು.

“ಆಡಬ್ಯಾಡ ಅನ್ರಿ ಮರುಳಪ್ಪನೋರೆ. ನಿಮ್ಮ ಮಾತಾದ್ರೂ ಕೇಳ್ತಾನೇನೋ.”

“ಆಡ್ತೀನಿ,” ಎಂದ ಓಬಣ್ಣ.

“ಚೆಂಡು ತಾಗಿದ್ರೆ ಚರ್ಮ ಕಿತ್ತು ಬರ್ತೈತೆ ಕಣಪ್ಪ,” ಎಂದ ಮರುಳಪ್ಪ.

“ಬರ್ಲಿ ಸಾರ್. ಚರ್ಮ ಮತ್ತೆ ಬೆಳೀತೈತೆ. ಕಲ್ಕತ್ತೆಯೋರು ಮತ್ತೆ ಬರ್ತಾರಾ?”

ಜಗಳೂರಿನ ಬಯಲಲ್ಲಿ ಎರಡು ಕಲ್ಲು ನೆಟ್ಟು ಗೋಲು ಕಾದ ಹುಡುಗ, ಬೆಂಗಳೂರಿನ ಒಂದು ಕಾರ್ಖಾನೆಯ ತಂಡಕ್ಕೆ ಸೇರಿ ಆಟವನ್ನೇ ಕಸುಬು ಮಾಡಿಕೊಂಡಿದ್ದ. ರಾಜ್ಯ ತಂಡದಲ್ಲಿ ವರ್ಷಗಟ್ಟಲೆ ಬೆಂಚು ಬಿಸಿ ಮಾಡಿದ್ದ. ಉಳಿದವರು ಕಾಲು ಮುರಿದುಕೊಂಡರೆ ಬದಲಿ ಆಟಗಾರ ಮೈದಾನಕ್ಕಿಳಿಯುತ್ತಾನೆ; ಆದರೆ ಮೊದಲ ಗೋಲ್‌ಕೀಪರನಿಗೆ ನೆಗಡಿಯೂ ಆಗುವುದಿಲ್ಲ. ಈಗ ಮೂವತ್ತರ ಹೊಸ್ತಿಲಲ್ಲಿ, ಕಾರ್ಖಾನೆ ತಂಡ ಮುಚ್ಚುವ ಸುದ್ದಿ ಹಬ್ಬಿರುವಾಗ, ಕಲ್ಕತ್ತೆಯ ದೊಡ್ಡ ಕ್ಲಬ್ಬೊಂದು ಅವನನ್ನು ನೋಡಲು ಮನುಷ್ಯನನ್ನು ಕಳುಹಿಸಿತ್ತು. ಇಂದು ಆಡಿದರೆ ಕಲ್ಕತ್ತೆ. ಇಲ್ಲದಿದ್ದರೆ ಕೈಗವಸು ಬಿಚ್ಚಿಟ್ಟು ಮನೆಗೆ.

“ನಿಮ್ಮ ಮೇಷ್ಟ್ರೆಲ್ಲಿ?” ಎಂದು ಮರುಳಪ್ಪ ಕೇಳಿದ. ಓಬಣ್ಣನಿಗೆ ಚೆಂಡು ಹಿಡಿಯುವುದನ್ನು ಕಲಿಸಿದ ಜಗಳೂರಿನ ಡ್ರಿಲ್ ಮೇಷ್ಟ್ರು ಜಯಪ್ಪ, ಈಗಲೂ ಊರ ತಂಡದ ಗುರು.

“ತಲೆನೋವು ಅಂತ ಬೆಳಿಗ್ಗೆಯಿಂದ ಕಂಡಿಲ್ಲ ಸಾರ್. ನನ್ನ ಕೈ ನೋಡಿದ್ರೆ ಎದೆ ಒಡಕೊಂತಾರೆ. ಬರದಿದ್ರೇ ಒಳ್ಳೇದು.”

ಅಷ್ಟರಲ್ಲಿ ಒಂದು ಬಿಳಿ ಅಂಬಾಸಡರ್ ಕಾರು ಧೂಳೆಬ್ಬಿಸಿ ನಿಂತಿತು. ಇಳಿದವರು ಹೊನ್ನಾಳಿಯ ಬಸ್ಸುಗಳ ಯಜಮಾನ ಮಲ್ಲಿಕಾರ್ಜುನಪ್ಪ. ಈ ನಾಲ್ಕೂರಿನ ಟೂರ್ನಮೆಂಟಿನ ಕಾರ್ಯದರ್ಶಿ ಅವರೇ. ಇಂದಿನ ಫೈನಲ್ಲಿನಲ್ಲಿ ಜಗಳೂರಿನ ಎದುರು ಆಡುವ ಹೊನ್ನಾಳಿ ತಂಡದ ಪೋಷಕರೂ ಅವರೇ. ಅವರ ಹಿಂದೆ ಗರಿಗರಿ ಧೋತರ ಉಟ್ಟ, ಚಿನ್ನದ ಚೌಕಟ್ಟಿನ ಕನ್ನಡಕದ ಒಬ್ಬ ಮನುಷ್ಯ.

“ಇವರೇ ಕಲ್ಕತ್ತೆಯ ಮುಖರ್ಜಿ ಬಾಬು. ನಾನೇ ದಾವಣಗೆರೆ ಸ್ಟೇಷನ್ನಿಗೆ ಕಾರು ತಗೊಂಡು ಹೋಗಿ ಕರ್ಕೊಂಡು ಬಂದೆ. ಕನ್ನಡ ಒಂದಕ್ಷರ ಬರಲ್ಲ ಪಾಪ,” ಎಂದರು ಮಲ್ಲಿಕಾರ್ಜುನಪ್ಪ. ಆಮೇಲೆ ಓಬಣ್ಣನ ಕೈ ನೋಡಿ ನಾಲಗೆಯಲ್ಲಿ ಲೊಚಗುಟ್ಟಿದರು. “ಛೆ ಛೆ. ಆಡಾಕೆ ಆಗದಿದ್ರೆ ಬ್ಯಾರೆಯೋರನ್ನ ಇಳಿಸ್ರಪ್ಪ. ಆಟ ಮಾತ್ರ ಮುಂದಕ್ಕೆ ಹಾಕಾಕಾಗಲ್ಲ.”

ಅವರ ಬಲಗೈಗೆ ಕರವಸ್ತ್ರ ಸುತ್ತಿತ್ತು. ಮರುಳಪ್ಪನ ಕಣ್ಣು ಅದರ ಮೇಲೆ ಬಿತ್ತು.

“ಕೈಗೇನಾಯ್ತು ಯಜಮಾನ್ರೆ?”

“ಕಾರಿನ ಬಾಗಿಲಿಗೆ ಸಿಕ್ತು.”

“ಹೌದಾ! ಆಡೋರು ಹೊನ್ನಾಳಿಯೋರು, ಆಡಿಸೋರೂ ಹೊನ್ನಾಳಿಯೋರು. ರೆಫರಿ ಒಬ್ಬನ್ನ ಯಾಕೆ ಬ್ಯಾರೆ ಊರಿಂದ ಕರೆಸಿದ್ರಿ? ಸುಮ್ನೆ ಬಸ್ ಚಾರ್ಜು ದಂಡ.”

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಮುಖರ್ಜಿ ಬಾಬುವಿನ ತುಟಿಯೂ ಅರಳಿತು, ಮರುಕ್ಷಣ ಮುಚ್ಚಿಕೊಂಡಿತು. ಎಲ್ಲರೂ ನಕ್ಕಾಗ ಭಾಷೆ ತಿಳಿಯದವನೂ ನಗುವುದುಂಟು ಎಂದುಕೊಂಡ ಮರುಳಪ್ಪ. ಅವನ ಮನಸ್ಸೆಲ್ಲ ಆ ಕರವಸ್ತ್ರದ ಮೇಲಿತ್ತು.

ಓಬಣ್ಣ ಎದ್ದು ನಿಂತು ಊದಿದ ಕೈಗಳನ್ನು ಕಷ್ಟಪಟ್ಟು ಜೋಡಿಸಿ ಬಾಬುವಿಗೆ ನಮಸ್ಕರಿಸಿದ.

ಮರುಳಪ್ಪ ಬೈಕು ಹತ್ತಿ ಸೀದಾ ಕೋಟೆ ಗುಡ್ಡದ ದಾರಿ ಹಿಡಿದ. ಯಾರಿಗೂ ಹೇಳಲಿಲ್ಲ.

ಅವನ ಯೋಚನೆ ಸರಳವಾಗಿತ್ತು. ಗೇರುಕಾಯಿ ಜಜ್ಜಿ ಸೊನೆ ತೆಗೆದವನ ಕೈಗೆ ಸೊನೆ ತಾಗದೆ ಇರುವುದಿಲ್ಲ. ತಾಗಿದರೆ ಅವನಿಗೂ ಬೊಬ್ಬೆ, ಅವನಿಗೂ ಉರಿ. ಡಾಕ್ಟರ ಹತ್ತಿರ ಹೋದರೆ ಊರಿಗೆಲ್ಲ ಗೊತ್ತಾಗುತ್ತದೆ. ಹಾಗಾದರೆ ಎಲ್ಲಿಗೆ ಹೋಗುತ್ತಾನೆ?

ಈ ಸೀಮೆಯಲ್ಲಿ ಹುಟ್ಟಿದವನಾದರೆ ತಾರೆ ಮರಕ್ಕೆ ಹೋಗುತ್ತಾನೆ. ಗೇರು ತಮ್ಮ, ತಾರೆ ಅಕ್ಕ. ತಮ್ಮ ಕಚ್ಚಿದ್ದನ್ನು ಅಕ್ಕ ಬಿಡಿಸುತ್ತಾಳೆ ಎಂದು ಹಿರಿಯರ ಮಾತು. ಬರಿಗಾಲಲ್ಲಿ ತಾರೆ ಮರಕ್ಕೆ ಸುತ್ತು ಬಂದು, ಅದರ ಬುಡವನ್ನು ತಬ್ಬಿ ತಪ್ಪೊಪ್ಪಿಕೊಳ್ಳಬೇಕು. ಉರಿ ಹತ್ತಿದವನೇ ಸುತ್ತಬೇಕು, ಅವನ ಪರವಾಗಿ ಇನ್ನೊಬ್ಬ ಸುತ್ತಿದರೆ ಇಳಿಯುವುದಿಲ್ಲ. ನ್ಯಾಮತಿಯಲ್ಲಿ ಮರುಳಪ್ಪನ ಅಜ್ಜಿಯೇ ಅವನನ್ನು ಕಿವಿ ಹಿಡಿದು ಸುತ್ತಿಸಿದ್ದಳು. ಚನ್ನಗಿರಿಯ ಸುತ್ತಮುತ್ತ ಅವನಿಗೆ ಗೊತ್ತಿದ್ದ ತಾರೆ ಮರ ಒಂದೇ ಒಂದು, ಕೋಟೆ ಗುಡ್ಡದ ಹಿಂದೆ.

ಬಸ್ಸುಗಳ ಯಜಮಾನ ಮರ ಸುತ್ತುವುದನ್ನು ನೋಡಬೇಕೆಂದು ಅವನ ಜೀವ ಕುಣಿಯುತ್ತಿತ್ತು. ಬೈಕನ್ನು ಕೆಳಗೇ ಬಿಟ್ಟು, ಲಂಟಾನದ ಪೊದೆಯ ಮರೆಯಲ್ಲಿ ಕೂತ.

ಬಹಳ ಹೊತ್ತು ಕಾಯಬೇಕಾಗಲಿಲ್ಲ. ಒಣಗಿದ ಎಲೆಯ ಮೇಲೆ ಹೆಜ್ಜೆ ಸದ್ದಾಯಿತು. ಚಪ್ಪಲಿ ಬಿಟ್ಟ ಸದ್ದು. ಆಮೇಲೆ ತೊದಲುವ ಒಂದು ದನಿ.

“ತಾರಕ್ಕಾ, ನಿನ್ನ ತಮ್ಮ ಕಚ್ಚಿದ, ನೀನು ಬಿಡಿಸವ್ವ. ನನ್ನದಲ್ಲ, ಆ ಹುಡುಗಂದು ಮೊದ್ಲು ಬಿಡಿಸು...”

ಮರುಳಪ್ಪ ಪೊದೆ ಸರಿಸಿ ನೋಡಿದ. ಅವನ ಉತ್ಸಾಹವೆಲ್ಲ ಜರ್ರನೆ ಇಳಿದುಹೋಯಿತು.

ಮರವನ್ನು ಸುತ್ತುತ್ತಿದ್ದವರು ಜಯಪ್ಪ ಮೇಷ್ಟ್ರು.

ಸೆಕೆಯಲ್ಲೂ ತುಂಬುತೋಳಿನ ಅಂಗಿ. ತೋಳು ಮೇಲೆ ಸರಿದ ಕಡೆ ಮಣಿಕಟ್ಟಿನವರೆಗೆ ಕೆಂಪು ಬೊಬ್ಬೆ. ಕಣ್ಣಿಂದ ನೀರು ಇಳಿಯುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

“ಯಾಕೆ ಮೇಷ್ಟ್ರೇ?” ಎಂದ ಮರುಳಪ್ಪ ಎದ್ದು ನಿಂತು. ಗದರಬೇಕೆಂದಿದ್ದ ದನಿ ಗದರಲಿಲ್ಲ.

ಮೇಷ್ಟ್ರು ಬೆಚ್ಚಲಿಲ್ಲ, ಓಡಲಿಲ್ಲ. ಮರಕ್ಕೆ ಒರಗಿ ಕುಸಿದು ಕೂತರು.

“ಮೊನ್ನೆ ನ್ಯಾಮತಿ ಸೆಮಿಫೈನಲ್ಲು ಮುಗಿದ ಮೇಲೆ ಹಚ್ಚಿದೆ. ನಾನೇ ಹಚ್ಚಿದೆ. ಕೈ ಹಿಡಿದು ಕಲಿಸಿದ ಕೈನ ನಾನೇ ಸುಟ್ಟೆ ಮರುಳಪ್ಪನೋರೆ.”

“ಯಾರಾದ್ರೂ ಹೆದರಿಸಿದ್ರಾ? ಮಲ್ಲಿಕಾರ್ಜುನಪ್ಪನೋರಾ?”

“ನನ್ನನ್ನ ಹೆದರಿಸಾಕೆ ಅವನ ಅಪ್ಪನ ಕೈಲೂ ಆಗಲ್ಲ! ಓಬಣ್ಣ ಸಾಯ್ತಾನೆ ಅಂತ ಹಚ್ಚಿದೆ. ಇವತ್ತು ಆಡಿದ್ರೆ ಸಾಯ್ತಾನೆ ಅಂತ!”

ಮರುಳಪ್ಪ ಅವರ ಎದುರು ಕುಕ್ಕುರುಗಾಲಲ್ಲಿ ಕೂತ. “ಬಿಡಿಸಿ ಹೇಳ್ರಿ.”

“ಹೋದ ವಾರ ಜಗಳೂರಿಗೆ, ನಮ್ಮ ಮನೆಗೆ, ಬೆಂಗಳೂರಿಂದ ಒಬ್ಬ ಡಾಕ್ಟ್ರು ಬಂದಿದ್ದ. ಕಾರ್ಖಾನೆ ತಂಡದ ಡಾಕ್ಟ್ರು ಅಂತ ಹೇಳಿದ. ಓಬಣ್ಣನ ತಲೆಬುರುಡೇದು ಎಕ್ಸ್‌ರೇ ತಂದಿದ್ದ. ಕಿಟಕಿಗೆ ಹಿಡಿದು ತೋರಿಸಿದ. ಆಟದಾಗೆ ಪೆಟ್ಟು ಬಿದ್ದು ಬುರುಡೆ ಸೀಳೈತೆ, ಇನ್ನೊಂದು ಪೆಟ್ಟು ಬಿದ್ರೆ ಮೈದಾನದಿಂದ ಹೆಣಾನೇ ಎತ್ತಬೇಕು ಅಂದ. ಓಬಣ್ಣಂಗೆ ಹೇಳಿದ್ರೆ ಕೇಳಲ್ಲ, ಕಲ್ಕತ್ತೆ ಆಸೆಗೆ ಮುಚ್ಚಿಡ್ತಾನೆ, ನೀವೇ ಹೆಂಗಾದ್ರೂ ತಡೀರಿ ಅಂದ.”

“ನೀವು ಓಬಣ್ಣನ್ನ ಒಂದು ಮಾತು ಕೇಳಲಿಲ್ವಾ?”

“ಕೇಳಿದ್ರೆ ನಿಜ ಹೇಳ್ತಾನಾ ಅವನು? ಬೆರಳು ಮುರಿದಾಗ ಕಡ್ಡಿ ಕಟ್ಕೊಂಡು ಆಡಿ, ಆಟ ಮುಗಿದ ಮೇಲೆ ಹೇಳಿದೋನು!” ಮೇಷ್ಟ್ರು ಕಣ್ಣೊರೆಸಿಕೊಳ್ಳಲು ಹೋಗಿ ಉರಿಗೆ ಕೈ ಹಿಂದೆಳೆದುಕೊಂಡರು. “ಕಾಲು ಮುರಿಯಾಕೆ ಮನಸ್ಸು ಬರ್ಲಿಲ್ಲ. ಗೇರು ಆದ್ರೆ ಎಂಟು ದಿನಕ್ಕೆ ಇಳೀತೈತೆ, ಜೀವ ಉಳೀತೈತೆ ಅಂದ್ಕೊಂಡೆ. ಕಲ್ಕತ್ತೆ ಹೋದ್ರೆ ಹೋಗ್ಲಿ.”

ಅದೇ ಹೊತ್ತಿಗೆ ಗುಡ್ಡದ ಆಚೆಯಿಂದ ಉದ್ದನೆಯ ಸೀಟಿ ಕೇಳಿಸಿತು. ಹಿಂದೆಯೇ ಸಾವಿರ ಗಂಟಲಿನ ಹೋ ಎಂಬ ಕೂಗು.

“ಆಟ ಶುರುವಾಯ್ತು,” ಎಂದ ಮರುಳಪ್ಪ. “ಅವನು ಇಳಿದಾನೆ ಮೇಷ್ಟ್ರೇ. ಕೈಗೆ ಬಟ್ಟೆ ಸುತ್ಕೊಂಡು ಇಳಿದಾನೆ.”

ಮೇಷ್ಟ್ರು ಚಪ್ಪಲಿಯನ್ನೂ ಮೆಟ್ಟದೆ ಇಳಿಜಾರಿನಲ್ಲಿ ಓಡಿದರು. ವಯಸ್ಸಾದ ಮನುಷ್ಯ ಹಾಗೆ ಓಡಿದ್ದನ್ನು ಮರುಳಪ್ಪ ಅದುವರೆಗೆ ಕಂಡಿರಲಿಲ್ಲ.

ಮೇಷ್ಟ್ರನ್ನು ಹಿಂದೆ ಕೂರಿಸಿಕೊಂಡು ಯೆಜ್ಡಿ ಮೈದಾನ ಮುಟ್ಟುವಷ್ಟರಲ್ಲಿ ಆಟ ಕಾವೇರಿತ್ತು. ಹೊನ್ನಾಳಿಯವರು ಓಬಣ್ಣನ ಕೈ ಪರೀಕ್ಷೆ ಮಾಡಲೆಂದೇ ದೂರದಿಂದ ಗುಂಡು ಹೊಡೆದಂತೆ ಹೊಡೆಯುತ್ತಿದ್ದರು. ಓಬಣ್ಣ ಒಂದನ್ನು ಎದೆಯಲ್ಲಿ ತಡೆದ, ಒಂದನ್ನು ಮೊಣಕಾಲಲ್ಲಿ. ಮೂರನೆಯದು ಕಂಬದ ಮೂಲೆಗೆ ಹಾರಿತು. ಬೇರೆ ದಾರಿಯಿಲ್ಲದೆ ಮುಷ್ಟಿಯಲ್ಲಿ ಗುದ್ದಿ ಹೊರಗೆ ಅಟ್ಟಿದ. ಗುದ್ದಿದ ಮೇಲೆ ಕೈಯನ್ನು ಕಂಕುಳಲ್ಲಿ ಒತ್ತಿಕೊಂಡು ಕಣ್ಣು ಮುಚ್ಚಿದ. ಬಟ್ಟೆ ಕೆಂಪಾಗಿತ್ತು.

ಪ್ರತಿ ಚೆಂಡಿಗೂ ಮೇಷ್ಟ್ರು ಎದೆ ಹಿಡಿದುಕೊಳ್ಳುತ್ತಿದ್ದರು.

“ನೀವು ಆಟ ನಿಲ್ಲಿಸ್ರಿ. ನಾನು ಆ ಕಲ್ಕತ್ತೆಯೋರ ಕಾಲು ಹಿಡೀತೀನಿ. ತಪ್ಪು ನಂದು, ಹುಡುಗನ್ನ ಬ್ಯಾರೆ ದಿನ ನೋಡ್ರಿ ಸ್ವಾಮಿ ಅಂತ ಬೇಡ್ಕೊಂತೀನಿ,” ಎಂದು ಶಾಮಿಯಾನದ ಕಡೆ ಹೊರಟರು. ಅಲ್ಲಿ ದೊಡ್ಡವರ ಕುರ್ಚಿಗಳಿದ್ದವು. ಮಲ್ಲಿಕಾರ್ಜುನಪ್ಪನವರ ಪಕ್ಕದಲ್ಲಿ ಬಾಬು ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

ಮರುಳಪ್ಪ ಗೋಲಿನ ಬಲೆಯ ಹಿಂದಕ್ಕೆ ನುಗ್ಗಿದ. ಚೆಂಡು ಆಚೆ ತುದಿಗೆ ಹೋಗಿತ್ತು.

“ಓಬಣ್ಣ! ಒಂದೇ ಮಾತು. ನಿನ್ನ ತಲೆಗೆ ಯಾವಾಗ ಪೆಟ್ಟು ಬಿದ್ದಿತ್ತು?”

“ತಲೆಗಾ?” ಓಬಣ್ಣ ಚೆಂಡಿನ ಮೇಲಿನ ಕಣ್ಣು ತೆಗೆಯದೆ ಹೇಳಿದ. “ತಲೆಗೆ ಎಲ್ಲಿ ಬಿದ್ದೈತೆ ಸಾರ್? ಬೆರಳು ಮುರಿದೈತೆ, ಹಲ್ಲು ಹೋಗೈತೆ, ಪಕ್ಕೆಗೆ ಒದ್ದಾರೆ. ತಲೆ ಮಾತ್ರ ದ್ಯಾವ್ರು ಕಾದಾನೆ.”

“ಎಕ್ಸ್‌ರೇ ತೆಗೆಸಿದ್ದೆಯಾ?”

“ಯಾವ ಎಕ್ಸ್‌ರೇ? ನಮ್ಮ ತಂಡಕ್ಕೆ ಡಾಕ್ಟ್ರೇ ಇಲ್ಲ ಸಾರ್. ಪೆಟ್ಟಾದ್ರೆ ಸುಣ್ಣ ಬೆಲ್ಲದ ಪಟ್ಟೇ ಗತಿ. ಪಕ್ಕಕ್ಕೆ ಸರೀರಿ, ಬಂದ್ರು!”

ಡಾಕ್ಟರಿಲ್ಲದ ತಂಡದ ಡಾಕ್ಟರು, ಸೀಳದ ಬುರುಡೆಯ ಎಕ್ಸ್‌ರೇ! ಮೇಷ್ಟ್ರ ಪ್ರೀತಿ ಎಷ್ಟು ಕುರುಡು ಎಂದು ಚೆನ್ನಾಗಿ ಬಲ್ಲವರು ಯಾರೋ, ಆ ಪ್ರೀತಿಯ ಕೈಯಿಂದಲೇ ಹುಡುಗನ ಕೈ ಸುಡಿಸಿದ್ದರು.

ಅಷ್ಟರಲ್ಲಿ ಹೊನ್ನಾಳಿಯ ಸೆಂಟರ್ ಫಾರ್ವರ್ಡು ಗೋಲಿನ ಮುಂದೆ ಧೊಪ್ಪನೆ ಬಿದ್ದ. ರೆಫರಿ ಸೀಟಿ ಊದಿ ಚುಕ್ಕೆಯ ಕಡೆ ಕೈ ತೋರಿಸಿದ. ಪೆನಾಲ್ಟಿ!

ಹೊನ್ನಾಳಿಯವನು ಚೆಂಡಿಟ್ಟು ಹಿಂದೆ ಸರಿದ. ಓಬಣ್ಣ ಗೆರೆಯ ಮೇಲೆ ನಿಂತು ಎರಡೂ ತೋಳು ಅಗಲಿಸಿದ. ಬೆರಳ ತುದಿಯಿಂದ ಕೆಂಪು ನೀರು ತೊಟ್ಟಿಕ್ಕುತ್ತಿತ್ತು. ಎಲ್ಲಿಂದಲೋ ಕೆಂಪಕ್ಕನ ದನಿ ಮೊಳಗಿತು. “ಹಿಡಿಯೋ ತಮ್ಮಾ! ಹಿಡಿ ಅಂದ್ರೆ ಹಿಡಿ!” ಆಡಬೇಡವೆಂದು ಬೆಳಿಗ್ಗೆಯಿಂದ ಅತ್ತವಳು ಅವಳೇ.

ಯಾರೋ ಮರುಳಪ್ಪನ ತೋಳು ಗಟ್ಟಿಯಾಗಿ ಹಿಡಿದರು. ಜಯಪ್ಪ ಮೇಷ್ಟ್ರು. ಶಾಮಿಯಾನದಿಂದ ವಾಪಸು ಬಂದಿದ್ದರು.

“ಕಾಲು ಹಿಡಿಯಾಕೆ ಹೋದೆ. ಹತ್ರ ಹೋಗಿ ಮುಖ ನೋಡಿದೆ.” ಅವರ ಮಾತು ತುಂಡುತುಂಡಾಗಿ ಬಂತು. “ಆವತ್ತು ಗಡ್ಡ ಇತ್ತು, ಇವತ್ತು ಬೋಳಿಸಿದಾನೆ. ಎಡಗಿವಿ ತುದಿ ಹರಿದೈತಲ್ಲ, ಅದನ್ನ ಎಲ್ಲಿ ಬಚ್ಚಿಡ್ತಾನೆ? ಎಕ್ಸ್‌ರೇ ಹಿಡ್ಕೊಂಡು ನಮ್ಮ ಮನೆಗೆ ಬಂದ ಡಾಕ್ಟ್ರು ಅವನೇ ಮರುಳಪ್ಪನೋರೆ. ಅಚ್ಚ ಕನ್ನಡದಾಗೆ ಮಾತಾಡಿದ್ದ!”

“ಯಾರು?”

“ಆ ಬಾಬು. ಕಲ್ಕತ್ತೆಯೋನು ಅಂತ ಕುಂತಾನಲ್ಲ, ಅವನೇ!”

ಚೆಂಡಿಗೆ ಕಾಲು ತಾಗಿದ ಸದ್ದು ಕೇಳಿಸಿತು. ಓಬಣ್ಣ ಎಡಕ್ಕೆ ಹಾರಿದ. ಕಂಬದ ಬುಡದಲ್ಲಿ ಚೆಂಡಿನ ಮೇಲೆ ಎರಡೂ ಕೈ ಮುಚ್ಚಿ ಬಿದ್ದು, ಮಿಸುಕದೆ ಮಲಗಿದ. ಆಮೇಲೆ ಎದ್ದ. ಚೆಂಡು ಅವನ ಎದೆಯಲ್ಲಿತ್ತು.

ಜಗಳೂರಿನ ಜನ ಹಗ್ಗ ದಾಟಿ ಒಳಗೆ ನುಗ್ಗಿದರು. ತಮಟೆ ಹೊಡೆಯುವವರ ಕೈಗೆ ಬಿಡುವೇ ಇಲ್ಲ. ಬಾಗಿಲು ಹಾಕಿಕೊಂಡು ಕೂತಿದ್ದ ಬೋರಣ್ಣ ಕೂಡ ಹೊರಗೆ ಬಂದು ಕುಣಿಯುತ್ತಿದ್ದ. ಶಾಮಿಯಾನದ ಕೆಳಗೆ ಚಿನ್ನದ ಕನ್ನಡಕದ ಮನುಷ್ಯ ಎದ್ದು ನಿಂತು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದ.

ಇವನು ಬಾಬುವಲ್ಲದಿದ್ದರೆ ಇವನು ಯಾರು? ಕಲ್ಕತ್ತೆಯಲ್ಲಿ ರೈಲು ಹತ್ತಿದ ನಿಜವಾದ ಮುಖರ್ಜಿ ಬಾಬು ಎಲ್ಲಿ? ರೈಲು ಹತ್ತಿದ ಬಾಬು ಎಂಬುವವನೇ ಇಲ್ಲವೋ? ಮರುಳಪ್ಪ ಮೊದಲು ಅವನ ಕುತ್ತಿಗೆ ಹಿಡಿಯಬೇಕೋ, ಕಾರು ತಗೊಂಡು ಹೋದ ಮಲ್ಲಿಕಾರ್ಜುನಪ್ಪನವರದೋ ತಿಳಿಯದೆ ಇಬ್ಬರನ್ನೂ ಬದಲಿಸಿ ಬದಲಿಸಿ ನೋಡಿದ.

ಓಬಣ್ಣ ಗೆರೆಯಿಂದಲೇ ಮರುಳಪ್ಪನ ಕಡೆ ತಿರುಗಿದ. ಕಣ್ಣಲ್ಲಿ ನೀರು, ಮುಖದ ತುಂಬ ನಗು. ನೆತ್ತರು ಜಿನುಗುವ ಕೈ ಎತ್ತಿ ಶಾಮಿಯಾನ ತೋರಿಸಿ ಕೂಗಿದ.

“ನೋಡಿದ್ರಾ ಸಾರ್? ಬಾಬುನೋರು ಎದ್ದು ನಿಂತ್ರು! ಕಲ್ಕತ್ತೆ ಆಯ್ತು ಸಾರ್ ನಂದು!”